ಗಾಠ ಅಂದ್ರ ಮೀಟಿಂಗ್

“ಹಾಲಿನ ಗಂಟು ಅಲ್ಲಂತ ಸಾಕ್ಷೀ, ಕ್ಯಾನ್ಸರ್ ಅಂತ.”

“ಏನಂದಿ?”

“ಎದಿಯಾಗಿಂದು. ಕ್ಯಾನ್ಸರ್ ಐತಂತ. ರಿಪೋರ್ಟ್ ಕೈಯಾಗ ಹಿಡಕೊಂಡ ನಿಂತೀನಿ. ನೀ ಎಲ್ಲಿದ್ದಿ ಈಗ?”

ಸಾಕ್ಷಿ ಎಲ್ಲಿದ್ಲಂದ್ರ, ಟಿಳಕವಾಡಿ ಎರಡನೇ ಗೇಟಿನ ಬಾಜು ಬಾಯಿತುಂಬ ಪಾನಿಪೂರಿ ಇಟಗೊಂಡು ನಿಂತಿದ್ಲು. ಅದನ್ನ ನುಂಗಾಕೂ ಆಗಲಿಲ್ಲ, ಉಗಳಾಕೂ ಆಗಲಿಲ್ಲ. ಗೇಟ್ ಹಾಕಿತ್ತು. ಗೂಡ್ಸ್ ಗಾಡಿ ಹೊಂಟಿತ್ತು, ಮುಗಿಯೂದ ಇಲ್ಲ ಅನ್ನೂವಂಗ. ಆ ಸಪ್ಪಳದಾಗ ಫೋನಿನ್ಯಾಗ ಅಕ್ಕನ ಮಾತು ತುಂಡತುಂಡಾಗಿ ಕಿವಿಗೆ ಬಿತ್ತು. “ಕೂಸಿಗೆ... ಅವ್ವಗ ಹೇಳಬ್ಯಾಡ... ಸ್ಟೇಷನ್ನಿಗೆ ಬಾ.”

“ಕಾಯ್ ಝಾಲ ಗ?” ಅಂದ್ಲು ಮುಗ್ಧಾ, ಕಾಲೇಜಿನ ಗೆಳತಿ. “ಏನಾತ? ಯಾಕ ದೆವ್ವ ನೋಡಿದಂಗ ನಿಂತಿ? ಖಾರ ಹತ್ತೇನು?”

“ಹೂಂನಲೇ, ಖಾರ,” ಅಂತ ಹೇಳಿ ಸಾಕ್ಷಿ ಓಡಿದ್ಲು. ಹಿಂದಿನಿಂದ ಮುಗ್ಧಾ ದಿನಾ ಒದರೂವಂಗ ಒದರಿದ್ಲು: “ಉದ್ಯಾ ಗಾಠ ಘೇಊ!” ನಾಳೆ ಭೇಟಿ ಆಗೂಣು ಅಂತ.

ಸಾಕ್ಷಿಯವರ ಮನ್ಯಾಗ ಹಿಂತಾ ಸುದ್ದಿ ಯಾರೂ ಕೇಳಿದ್ದಿಲ್ಲ. ಅಪ್ಪಗ ವರ್ಗ ಆಗಿ ಬೈಲಹೊಂಗಲ ಬಿಟ್ಟು ಬೆಳಗಾವಿಗೆ ಬಂದು ಎರಡು ವರ್ಷ ಆಗಿತ್ತು. ಅಕ್ಕ ಪೂರ್ಣಿಮಾ ಅದಕ್ಕೂ ಮೊದಲ ಗುಂಜಿ ಕನ್ನಡ ಸಾಲ್ಯಾಗ ಟೀಚರ್ ಆಗಿ ಬಂದಾಕಿ, ಖಾನಾಪುರದ ಅಜಿಂಕ್ಯನ್ನ ಮೆಚ್ಚಿ ಲಗ್ನಾ ಆಗಿದ್ಲು. ಈಗ ಆಕೀಗೆ ಐದು ತಿಂಗಳಾ. ಬರೂ ಶುಕ್ರವಾರ ಕಳ್ಳ ಕುಬಸ. ಊರಿಗೆಲ್ಲಾ ಹೇಳಿ ಮಾಡೂದು ಏಳು ತಿಂಗಳಿನ್ಯಾಗ. ಐದರಾಗಿಂದು ಗುಟ್ಟಿಂದು, ತವರುಮನಿಯವರು ಸುಮ್ನ ಹೋಗಿ ಸೀರಿ ಕುಬಸ ಉಡಿಸಿ ಹಸರು ಬಳಿ ಇಡಿಸಿ ಬರೂದು. ಆ ಕುಬಸದ ಜಂಪರನ್ನ ಟಿಳಕವಾಡಿ ಟೇಲರ್ ಮನಿಷಾನ ಕಡೆ ಹೊಲಿಯಾಕ ಹಾಕಿದ್ರು.

ಸ್ಟೇಷನ್ನಿನ್ಯಾಗ ಪೂರ್ಣಿಮಾ ಬೆಂಚಿನ ಮ್ಯಾಲ ಕುಂತಿದ್ಲು. ಮಡಲಾಗ ಎರಡು ಚೀಲ, ಒಂದು ದವಾಖಾನಿದು, ಇನ್ನೊಂದು ಮನಿಷಾಂದು. ತಂಗೀನ ನೋಡಿ ನಕ್ಕಳು.

“ತುಟಿ ಒರಸಕೋ ಹುಚ್ಚಿ, ಪುದೀನಾ ಹತ್ತೇತಿ.”

ಅಷ್ಟ ಸಾಕಾತು, ಸಾಕ್ಷಿ ಅಳಾಕ ಶುರು ಮಾಡಿದ್ಲು.

“ಇಲ್ಲಿ ಅಳಬ್ಯಾಡ. ಗಾಡಿ ಬಂತು, ಏಳು. ನನ್ನ ಖಾನಾಪುರ ತನಕ ಬಿಟ್ಟು ಬಾ. ಒಬ್ಬಾಕಿನ ಹೋಗಾಕ ಅಂಜಿಕಿ ಬರಾಕತ್ತೇತಿ.”

ಅಕ್ಕ ಅಂಜಿಕಿ ಅಂದದ್ದನ್ನ ಸಾಕ್ಷಿ ಹುಟ್ಟಿದಾಗಿಂದ ಕೇಳಿದ್ದಿಲ್ಲ.

ಗಾಡ್ಯಾಗ ಗದ್ದಲ ಇರಲಿಲ್ಲ. ಕಿಡಕಿ ಬಾಜು ಕುಂತು ಪೂರ್ಣಿಮಾ ಸಾಲ್ಯಾಗ ಪಾಠಾ ಹೇಳೂವಂಗ ಒಂದೊಂದ ಹೇಳಿದ್ಲು. ಎಡಗಡಿ ಎದಿಯಾಗ ಗೋಲಿ ಗುಂಡಿನಷ್ಟು ಗಂಟು ಹತ್ತಿ ಎರಡು ತಿಂಗಳಾತು. ಅತ್ತಿ ಕೃಷ್ಣಾಬಾಯಿ ಮುಟ್ಟಿ ನೋಡಿ, ಹಾಲು ಈಗಿಂದ ಗಂಟು ಕಟ್ಟಾಕತ್ತೇತಿ, ಚೊಚ್ಚಲಕ್ಕ ಹಿಂಗ ಆಗತೈತಿ ಅಂತ ಔಡಲ ಎಲಿ ಕಾಸಿ ಕಟ್ಟಿದ್ರು. ಖಾನಾಪುರದಾಗ ಕೂಸಿನ ಸ್ಕ್ಯಾನ್ ಮಾಡಿಸಾಕ ಹೋದಾಗ ಪೂರ್ಣಿಮಾ ಆ ಮ್ಯಾಡಮ್ಮಗ ಹೇಳಿದ್ಲು, ಇದನ್ನೂ ಒಂಚೂರು ನೋಡ್ರಿ ಅಂತ. ನೋಡಿದ್ರು.

“ನೋಡಿ ಏನಂದ್ರು?”

“ದೊಡ್ಡ ಡಾಕ್ಟರಿಗೆ ತೋರಸ್ತೀವಿ, ಏನಾರ ಇದ್ರ ಫೋನ್ ಮಾಡತೀವಿ ಅಂದ್ರು. ಫೋನ ಬರಲಿಲ್ಲ. ನಾ ಆರಾಮ ಇದ್ದೆ. ಹೋದವಾರ ಜಂಪರ್ ಹಾಕಿ ನೋಡಿದ್ರ ಎಡಗಡಿ ಏರವಲ್ಲದು. ಮನಿಷಾನ ಬೆನ್ನ ಹತ್ತಿದ್ಲು, ಅಕ್ಕಾರ, ಮೂರು ವಾರದ ಹಿಂದ ನಾನ ಟೇಪ್ ಹಿಡದೀನ್ರಿ, ನನ್ನ ಅಳತಿ ತಪ್ಪಂಗಿಲ್ಲರಿ, ದವಾಖಾನಿಗೆ ಹೋಗ್ರಿ ಅಂತ. ಬೆಳಗಾವಿ ದವಾಖಾನಿಗೆ ಬಂದೆ. ಸೂಜಿ ಹಾಕಿ ಗಂಟಿಂದು ಚೂರು ತಗದ್ರು. ಇವತ್ತ ರಿಪೋರ್ಟ್ ಬಂತು.”

ಸಾಕ್ಷಿ ಮನಸ್ಸು ಅಕ್ಕನ ಹಿಂದಿನ ಮಾತಿನ್ಯಾಗ ಉಳೀತು. ಫೋನ ಬರಲಿಲ್ಲ.

ಬಂದಿತ್ತು.

ಮೂರು ವಾರದ ಹಿಂದ, ರವಿವಾರ. ಪೂರ್ಣಿಮಾ ತವರಿಗೆ ಬಂದಾಕಿ ಜಳಕಕ್ಕ ಹೋಗಿದ್ಲು. ಸಾಕ್ಷಿ ಅಕ್ಕನ ಫೋನಿನ್ಯಾಗ ಫೋಟೋ ತಕ್ಕೊಳಾಕತ್ತಿದ್ಲು, ಅಕ್ಕಂದ್ರಾಗ ಕ್ಯಾಮೆರಾ ಚಲೋ ಐತಿ ಅಂತ. ನಡಕ್ಕ ಫೋನ್ ಬಂತು. ಯಾವುದೋ ಹೆಣ್ಣಮಗಳು ಮರಾಠಿಯೊಳಗ ಲಗುಲಗು ಹೇಳಿದ್ಲು: “ಮ್ಯಾಡಮ್‌ನಾ ಸಾಂಗಾ, ಗಾಠ ಆಹೆ. ಡಾಕ್ಟರಾಂಚಿ ಗಾಠ ಘ್ಯಾ.” ಮ್ಯಾಡಮ್ಮಗ ಹೇಳ್ರಿ, ಗಾಠ ಐತಿ, ಡಾಕ್ಟರನ್ನ ಕಾಣ್ರಿ ಅಂತ. ಸಾಕ್ಷಿ ಹೋ ಹೋ ಅಂದು ಇಟ್ಟಳು. ತನಗ ಮರಾಠಿ ಬರತೈತಿ ಅನ್ನೂ ಉಮೇದಿ ಬ್ಯಾರೆ. ಬಚ್ಚಲದ ಬಾಗಲಕ್ಕ ಹೋಗಿ ಒದರಿದ್ಲು: “ಅಕ್ಕಾ, ಡಾಕ್ಟರದ್ದು ಏನೋ ಮೀಟಿಂಗ್ ಐತಂತ!” ಒಳಗಿಂದ ನೀರು ಸುರಕೋತ ಅಕ್ಕ ಅಂದಿದ್ಲು: “ಸಾಲಿ ಹುಡಗೂರ ಜಂತಿನ ಗುಳಗಿ ಮೀಟಿಂಗ್ ಇರಬೇಕು. ಹೆಡ್ ಮಾಸ್ತರ ಹೋಗಲಿ ಬಿಡು.”

ಗಾಡ್ಯಾಗ ಸಾಕ್ಷಿ ತನ್ನ ಫೋನ್ ತಗದ್ಲು. ಮುಗ್ಧಾಗ ಮೆಸೇಜ್ ಹಾಕಿದ್ಲು: ಗಾಠ ಅಂದ್ರ ಏನಲೇ?

ಲಗೂನ ಉತ್ತರ ಬಂತು: ಭೇಟಿ. ದಿನಾ ಒದರತೀನಲ್ಲ ಕತ್ತಿ.

ಸಾಕ್ಷಿಗೆ ಉಸಿರು ಬಂದಂಗಾತು. ಅಷ್ಟರಾಗ ಇನ್ನೊಂದು ಬಂತು: ದಾರದ ಗಂಟಿಗೂ ಗಾಠ ಅಂತಾರ.

ಆಮ್ಯಾಗ ಮತ್ತೊಂದು: ಮೈಯಾಗ ಆಗೂ ಗಂಟಿಗೂ. ಯಾಕ?

“ಅಕ್ಕಾ, ಒಂಚೂರು ನಿನ್ನ ಫೋನ್ ಕೊಡ. ನನ್ನದು ನೆಟ್ ಬರವಲ್ಲದು,” ಅಂತ ಸುಳ್ಳ ಹೇಳಿ ಇಸಗೊಂಡ್ಲು.

ಬಂದ ಫೋನುಗಳ ಪಟ್ಟಿನ್ನ ಕೆಳಗ ಕೆಳಗ ಜಗ್ಗಿಕೋತ ಹೋದ್ಲು. ಆ ರವಿವಾರ ಸಿಕ್ಕಿತು. ಹನ್ನೊಂದೂ ಇಪ್ಪತ್ತಕ್ಕ, ನಲವತ್ತೊಂದು ಸೆಕೆಂಡು. ಆ ನಂಬರನ್ನ ತನ್ನ ಫೋನಿನ್ಯಾಗ ಹಾಕಿ ಹುಡುಕಿದ್ಲು. ಸ್ಕ್ಯಾನ್ ಸೆಂಟರಿನ ನಂಬರ್. ಹೆಸರಿನ ಬಾಜು ಖಾನಾಪುರ ಅಂತ ಬರದಿತ್ತು.

ದೇಸೂರ ಸ್ಟೇಷನ್ ಹಿಂದ ಹೋತು. ಕಿಡಕಿ ಹೊರಗ ಗಿಡ ದಟ್ಟ ಆಗಾಕತ್ತಿದ್ವು, ಡಬ್ಬಿಯೊಳಗ ಸಣ್ಣಗ ಕತ್ತಲಿ ಬಂದಂಗಾತು. ಅಷ್ಟರಾಗ ಸಾಕ್ಷಿ ಕೈಯಾಗಿದ್ದ ಅಕ್ಕನ ಫೋನು ಬಾರಿಸಿತು. ಬೆಚ್ಚಿಬಿದ್ದು ಅಕ್ಕನ ಕೈಗೆ ಕೊಟ್ಟಳು. ಅತ್ತಿ ಕೃಷ್ಣಾಬಾಯಿ.

“ಹೋ ಆಯಿ... ಹೋ, ಜಂಪರ್ ಸಿಕ್ತ್ರಿ... ಇಲ್ಲರಿ, ಗಂಟು ನೋಯಾಕತ್ತಿಲ್ಲ.” ಪೂರ್ಣಿಮಾ ಫೋನ್ ಇಟ್ಟು ಹೊರಗ ನೋಡಿದ್ಲು. “ಔಡಲ ಎಲಿ ಹರಕೊಂಡ ಇಟ್ಟಾರಂತ. ಹೋದಕೂಡ್ಲೆ ಕಟ್ಟತಾರಂತ.”

“ಅವರಿಗೆ ಹೇಳಿಲ್ಲೇನು? ಮಾವಾಗರ?”

“ಅಜಿಂಕ್ಯಗ ಹೇಳೀನಿ. ಸ್ಟೇಷನ್ನಿಗೆ ಬರತಾನ. ಮಾತ ಆಡಲಿಲ್ಲ ಪಾಪ, ಬರೇ ಹೂಂ ಹೂಂ ಅಂದ.”

“ಡಾಕ್ಟರ್ ಏನಂತಾರ?”

“ಐದು ತಿಂಗಳದಾಗ ಆಪರೇಶನ್ ಮಾಡಬಹುದಂತ. ಆಮ್ಯಾಗ ಔಷಧಾನೂ ಏರಸಬಹುದಂತ, ಕೂಸಿನ್ನ ನೋಡಕೋತ ನೋಡಕೋತ. ಕರೆಂಟ್ ಕೊಡೂದು, ಅದ ರೇಡಿಯೇಶನ್, ಮಾತ್ರ ಹಡದಮ್ಯಾಗ. ಮೂರು ಮಂದಿ ಡಾಕ್ಟರು ಕೂಡಿ ಕುಂದರತಾರಂತ, ಮನಿಯವರನ್ನ ಕರಕೊಂಡು ಬರ್ರಿ, ತಡಾ ಮಾಡಬ್ಯಾಡ್ರಿ, ಇವತ್ತ ಫೋನ್ ಮಾಡಿ ಯಾವಾಗ ಬರತೀರಿ ಹೇಳ್ರಿ ಅಂದಾರ.” ಪೂರ್ಣಿಮಾ ಹೊಟ್ಟಿ ಮ್ಯಾಲ ಕೈ ಇಟಗೊಂಡ್ಲು. “ನಾ ಮಾಡಂಗಿಲ್ಲ.”

“ಅಂದ್ರ?”

“ಆ ಔಷಧಕ್ಕ ನನ್ನ ಕೂದಲಾ ಉದರತಾವಂದ್ರ, ಒಳಗಿಂದು ಇಷ್ಟ ಐತಲೇ, ಅದು ಏನ ತಡಕೋತೈತಿ? ಶುಕ್ರವಾರ ಕುಬಸ ಆಗಲಿ. ನಾಕ ತಿಂಗಳಾ ಸುಮ್ನ ಕಳೀತೀನಿ. ಹಡದಮ್ಯಾಗ ಏನಾರ ಮಾಡಕೊಳ್ಳಲಿ. ಖಾನಾಪುರದಾಗ ನೋಡಿದವರು ಫೋನ್ ಮಾಡಲಿಲ್ಲ ಅಂದ್ರ, ಬ್ಯಾನಿ ಈಗಿಂದ ಅಲಾ? ಅಷ್ಟ ಲಗು ಏನೂ ಆಗಂಗಿಲ್ಲ.”

ಈಗಿಂದಲ್ಲ. ಈ ಮಾತು ಸಾಕ್ಷಿ ನಾಲಗಿ ತುದಿಗೆ ಬಂದು ನಿಂತಿತು. ಹೇಳಿದ್ರ ಅಕ್ಕ ಜನ್ಮದಾಗ ತನ್ನ ಮಾರಿ ನೋಡಂಗಿಲ್ಲ. ಹೇಳದಿದ್ರ ಯಾರಿಗೂ ಗೊತ್ತಾಗಂಗಿಲ್ಲ, ಆ ನಂಬರ್ ಒಂದು ಅಳಿಸಿಬಿಟ್ರ ಆತು. ಊರ ಸುದ್ದಿ ಎಲ್ಲಾ ಹೊಟ್ಟ್ಯಾಗ ಇಟಗೊಳ್ಳಲಾರದ ಹುಡಗಿ, ಇದೊಂದನ್ನ ಇಟಗೋಬೇಕಾಗಿತ್ತು.

ಇದ್ದಲಹೊಂಡದಾಗ ಗಾಡಿ ಸುಮ್ಮಸುಮ್ನ ನಿಂತಿತು. ಯಾರೂ ಇಳೀಲಿಲ್ಲ, ಹತ್ತಲಿಲ್ಲ.

“ಅಕ್ಕಾ, ಫೋನ್ ಬಂದಿತ್ತ.”

“ಯಾರದು?”

“ಸ್ಕ್ಯಾನ್ ಸೆಂಟರದ್ದು. ಮೂರು ವಾರ ಆತು. ನೀ ಜಳಕಾ ಮಾಡಾಕತ್ತಿದ್ದಿ. ಗಾಠ ಐತಿ ಅಂದ್ರು. ನಾ ಮೀಟಿಂಗ್ ಅಂದೆ.”

ಗಾಡಿ ಹೊಂಟಿತು. ಪೂರ್ಣಿಮಾಗ ತಿಳಿಯಾಕ ಸ್ವಲ್ಪ ಹೊತ್ತು ಹಿಡೀತು. ತಿಳದಮ್ಯಾಗ ಆಕಿ ಬೈತಾಳ, ಕಪಾಳಕ್ಕ ಕೊಡತಾಳ ಅಂತ ಸಾಕ್ಷಿ ಕಣ್ಣು ಮುಚ್ಚಿ ಕುಂತ್ಲು. ಏನೂ ಬರಲಿಲ್ಲ. ಅದ ಭಾಳ ಕೆಟ್ಟ ಅನಸ್ತು.

ಕಣ್ಣು ತಗದು ನೋಡಿದ್ರ ಅಕ್ಕ ಮನಿಷಾನ ಚೀಲದಾಗಿಂದ ಜಂಪರ್ ತಗದಿದ್ಲು. ಹಸರು ಖಣ, ಕೆಂಪು ದಡಿ. ಎಡಗಡಿ ಹೊಲಿಗಿ ಬಿಚ್ಚಿ ಮತ್ತ ಹೊಲದಿದ್ರು. ಹಳೇ ಹೊಲಿಗಿ ತೂತು ಸಾಲಾಗಿ ಹಂಗ ಕಾಣತಿದ್ವು. ಹಳೇ ಸಾಲಿನಿಂದ ಹೊಸಾ ಸಾಲಿನ ತನಕ ಪೂರ್ಣಿಮಾ ಬೆರಳು ಅಡ್ಡ ಇಟ್ಟು ಬಟ್ಟ ಎಣಿಸಿದ್ಲು. ಒಂದು. ಅದರ ಬಾಜು ಇನ್ನೊಂದು.

“ಮೂರು ವಾರಕ್ಕ ಎರಡು ಬಟ್ಟ,” ಅಂದ್ಲು. ದನಿ ಸಾಲ್ಯಾಗ ಲೆಕ್ಕಾ ಕೇಳೂ ದನಿ. “ನಾಕ ತಿಂಗಳಿಗೆ ಎಷ್ಟಾತು?”

ಪೂರ್ಣಿಮಾ ಜಂಪರಿನ ಮ್ಯಾಲ ಬಟ್ಟ ಇಟ್ಟಾಕಿ ತಗೀಲಿಲ್ಲ. ಮೂರನೇದು ಇಟ್ಟಳು. ನಾಕನೇದು. ಕೈ ಹೊಲಿಗಿ ದಾಟಿ ನಡು ಎದಿಗೆ ಬಂತು. ಅಲ್ಲಿ ನಿಂತಳು.

“ಇದು ನನ್ನ ತಿಂದ್ರ, ಒಳಗಿಂದನ್ನ ಬಿಡತೈತೇನು?” ಇದನ್ನ ಆಕಿ ಸಾಕ್ಷಿನ್ನ ಕೇಳಲಿಲ್ಲ. ಜಂಪರ್ ಮಡಚಿ ಇಟ್ಟು ಫೋನ್ ತಗೊಂಡ್ಲು. ಬೆಳಗಾವಿ ದವಾಖಾನಿ ನಂಬರ್ ಒತ್ತಿ, ಅತ್ತಾಗ ಹೆಣ್ಣಮಗಳು ಮಾತಾಡೂದಕ್ಕ ತಂಗಿ ಕಿವಿಗೆ ಹಿಡದ್ಲು.

“ನನಗ್ಯಾಕ?”

“ನೀನ ಕೇಳು. ಕೇಳಿ ನನಗ ಹೇಳು. ಈ ಸಲ ತಪ್ಪಬ್ಯಾಡ.”

ಅತ್ತಾಗಿನಾಕಿ ಹೆಸರು ಕೇಳಿದ್ಲು. ಕಾಗದ ತಿರುವಿದ್ಲು. ಆಮ್ಯಾಗ ಇಲ್ಲೂ ಹಂತಾದ ಲಗುಲಗು ಮರಾಠಿ: “ಉದ್ಯಾ ಸಕಾಳೀ ದಹಾ ವಾಜತಾ ಡಾಕ್ಟರಾಂಚಿ ಗಾಠ.”

“ಕೋಣತೀ ಗಾಠ?” ಅಂದ್ಲು ಸಾಕ್ಷಿ. ಯಾವ ಗಾಠ?

ಆಕಿ ಬಿಡಿಸಿ ಹೇಳಿದ್ಲು. “ಭೇಟ ಹೋ ತಾಯೀ, ಭೇಟ. ತಿಘ ಡಾಕ್ಟರ ಅಸತೀಲ. ಉಶೀರ ಕರೂ ನಕಾ.”

ಗಾಡಿ ಖಾನಾಪುರದಾಗ ಸಾವಕಾಶ ಆಗಾಕತ್ತಿತ್ತು. ಪ್ಲಾಟ್‌ಫಾರ್ಮಿನ ತುದಿಗೆ ಅಜಿಂಕ್ಯ ಹೆಲ್ಮೆಟ್ ತಗೀಲಾರದ ನಿಂತಿದ್ದ.

“ಏನಂದ್ರು?” ಅಂದ್ಲು ಪೂರ್ಣಿಮಾ.

“ನಾಳೆ ಮುಂಜಾನೆ ಹತ್ತಕ್ಕ. ಭೇಟಿ. ಮೂರೂ ಡಾಕ್ಟರು ಇರತಾರಂತ. ತಡಾ ಮಾಡಬ್ಯಾಡ್ರಿ ಅಂದ್ರು.”

“ಇನ್ನೊಮ್ಮೆ ಹೇಳು.”

“ನಾಳೆ. ಮುಂಜಾನೆ. ಹತ್ತಕ್ಕ.”