ಬಾಲರಾಜನಿಗೆ ಹಾಕಿದ ಬೂಟು

ಮಲದ ಗುಂಡಿಗೆ ಇಳಿಯುವವರು ಬಟ್ಟೆ ಬಿಚ್ಚಿ ಮೇಲಿಟ್ಟೇ ಇಳಿಯುತ್ತಾರೆ. ನಾತ ಹತ್ತಿದ ಬಟ್ಟೆಯಲ್ಲಿ ಬಸ್ಸಿಗೆ ಹತ್ತಿಸುವುದಿಲ್ಲ. ಹೆಬ್ಬಾಳದ ಅಪಾರ್ಟ್‌ಮೆಂಟಿನಲ್ಲಿ ಬಾಲರಾಜನೂ ಹಾಗೇ ಇಳಿದ. ಚಡ್ಡಿ, ಸೊಂಟಕ್ಕೊಂದು ಹಗ್ಗ. ಹೆಣವನ್ನೂ ಅದೇ ಹಗ್ಗದಲ್ಲಿ ಎಳೆದರು. ಯಾರೂ ಫೋಟೊ ತೆಗೆದಿರಲಿಲ್ಲ.

ಗುತ್ತಿಗೆದಾರನ ಸೂಪರ್‌ವೈಸರ್ ಸೋಮನಾಥ ಮಾತ್ರ ವಿಚಾರಣಾಧಿಕಾರಿಗೆ ಒಂದು ಫೋಟೊ ಕೊಟ್ಟ. ಗುಂಡಿಯ ಪಕ್ಕ ಬಾಲರಾಜ ನಗುತ್ತ ನಿಂತಿದ್ದಾನೆ. ಹೆಲ್ಮೆಟ್ಟು, ಕೈಗವಸು, ಮೊಣಕಾಲುದ್ದದ ಬೂಟು.

"ಎಲ್ಲಾ ಕೊಟ್ಟಿದ್ವಿ ಸರ್. ಬಿಚ್ಚಾಕಿ ಇಳಿದಿದಾನೆ. ತಪ್ಪು ಅವಂದೇ."

ಬಾಲರಾಜನ ಹೆಂಡತಿ ದ್ರೌಪದಮ್ಮ ಆ ಫೋಟೊದ ಪ್ರತಿ ಹಿಡಿದು ಬ್ಯಾಟರಾಯನಪುರದ ನನ್ನ ಜೆರಾಕ್ಸ್ ಅಂಗಡಿಗೆ ಬಂದಳು.

"ನಮ್ಮೆಜಮಾನ್ರು ಬೂಟು ಕಂಡೋರೇ ಅಲ್ಲ ಕಣಪ್ಪ. ಹಣೇಲಿ ಕುಂಕುಮ ನೋಡು. ಇದು ಮಗಳ ಮದ್ವೇಲಿ ನಕ್ಕಿದ್ದು."

"ಎಐನಲ್ಲಿ ಮಾಡಿದಾರೆ ಅಕ್ಕ. ಮುಖ ಕೊಟ್ರೆ ಸಾಕು."

"ಮುಖ ಯಾರು ಕೊಟ್ರು?"

ಕಂಪ್ಯೂಟರಿನ ಕಡೆ ತಿರುಗಿದೆ. ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಲು ಅವಳೇ ನನ್ನಲ್ಲಿಗೆ ತಂದಿದ್ದ ಮದುವೆಯ ಫೋಟೊ ಅದು. ಸೋಮನಾಥ ತಾನೂ ಒಂದು ಫ್ಲೆಕ್ಸ್ ಹಾಕಿಸುತ್ತೇನೆಂದ. ಅವನಿಗೆ ಅದನ್ನು ವಾಟ್ಸಾಪ್ ಮಾಡಿದ್ದು ನಾನು.

"ಅಂಗಾದ್ರೆ ನಂಗೂ ಒಂದು ಮಾಡ್ಕೊಡು. ಅವ್ರು ಎಂಗೆ ಇಳಿದ್ರೋ ಅಂಗೆ. ಬರಿಮೈಲಿ ಇಳಿದಿದ್ಕೆ ಫೋಟೊ ಎಲ್ಲಿ ಅಂತಾರೆ ಆ ಅಧಿಕಾರಿ."

ಟೈಪ್ ಮಾಡಿದೆ. ಚಡ್ಡಿ, ಬರಿಮೈ, ಕತ್ತಿನವರೆಗೆ ಮಲ. ಪರದೆಯ ಮೇಲೆ ಎರಡು ಸಾಲು ಮಾತ್ರ ಬಂತು.

"ಆಗಲ್ವಂತೆ ಅಕ್ಕ. ಮೈಮೇಲೆ ಬಟ್ಟೆ ಇಲ್ಲ, ಮನುಷ್ಯನ ಘನತೆಗೆ ಕುಂದು ಅಂತಿದೆ."

"ಘನತೆ ಅಂದ್ರೆ?"

"ಮರ್ಯಾದೆ."

"ಬೂಟು ಹಾಕ್ದಾಗ ಏನೂ ಅನ್ನಲಿಲ್ವಾ ಅದು?"

"ಇಲ್ಲ."

"ಅವ್ರನ್ನ ಗುಂಡೀಗೆ ಇಳಿಸುವಾಗ ಯಾರೂ ಇಂಗೆ ಅಡ್ಡ ಬರ್ಲಿಲ್ಲ," ಎಂದು ಅವಳು ಎದ್ದಳು.

ವಿಚಾರಣೆಯ ದಿನ ನಾನೂ ಹೋಗಿದ್ದೆ. ಅವಳ ಜೊತೆ ಹದಿನಾಲ್ಕು ಜನ ಬಂದರು. ಎಲ್ಲರೂ ಗುಂಡಿಗೆ ಇಳಿಯುವವರು. ಕೆಲಸ ಹೋದೀತೆಂದು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಅಧಿಕಾರಿಯ ಮುಂದೆ ಒಬ್ಬೊಬ್ಬರಾಗಿ ಬಟ್ಟೆ ಬಿಚ್ಚಿ ಚಡ್ಡಿಯಲ್ಲಿ ನಿಂತರು. ದ್ರೌಪದಮ್ಮ ಒಬ್ಬೊಬ್ಬರ ಸೊಂಟಕ್ಕೂ ಹಗ್ಗ ಕಟ್ಟಿದಳು.

"ಥೂ, ಹೆಂಗಸ್ರಿದಾರೆ, ಮಾನ ಇಲ್ವೇನ್ರೋ!" ಸೋಮನಾಥ ಕಿರುಚಿದ.

"ಫೋಟೊ ಎಲ್ಲಿ ಅಂದ್ರಲ್ಲ ಸಾರ್," ದ್ರೌಪದಮ್ಮ ಅಧಿಕಾರಿಗೆ ಹೇಳಿದಳು. "ನೋಡ್ಕೊಳ್ಳಿ."

ನಾನು ಮುಂದೆ ಬಂದೆ. ಮೊಬೈಲು ತೆಗೆದು ಮೇಜಿನ ಮೇಲಿಟ್ಟೆ. "ಮುಖ ಕಳಿಸಿದ್ದು ನಾನು ಸರ್. ತಾರೀಖು ನೋಡಿ. ಬಾಲರಾಜ್ ಸತ್ತ ಮೂರನೇ ದಿನ."

ದ್ರೌಪದಮ್ಮ ನನ್ನ ಕಡೆ ತಿರುಗಿದಳು.

ಅಧಿಕಾರಿ ಮೊಬೈಲು ಮುಟ್ಟಲಿಲ್ಲ. ಮೂಗಿಗೆ ಕರ್ಚೀಫು ಹಿಡಿದು ಪೊಲೀಸರಿಗೆ ಹೇಳಿದರು:

"ಮೊದ್ಲು ಇವ್ರಿಗೆ ಬಟ್ಟೆ ಹಾಕ್ಸಿ."

ಯಾರೂ ಹಾಕಿಕೊಳ್ಳಲಿಲ್ಲ.