ಕಾರ್ಡಿನಿಂದ ಇಳಿದ ಚೌಕ

"ಇನ್ನೊಂದ್ಸಲ ಒತ್ತಿ ಅತ್ತೆ. ಬೆರಳು ಎತ್ತಬೇಡಿ, ಹಾಗೇ ಒತ್ತಿಟ್ಕೊಳ್ಳಿ."

ಇಸ್ತ್ರಿಯಮ್ಮ ಪರದೆಯ ಖಾಲಿ ಜಾಗದಲ್ಲಿ ಹೆಬ್ಬೆರಳು ಊರಿದಳು. ಪರದೆ ಒಂದಿಷ್ಟು ಕುಗ್ಗಿತು. ಕೆಳಗೆ ‘ವಿಜೆಟ್‌ಗಳು’ ಎಂಬ ಗುಂಡಿ ಬಂತು. ಸೊಸೆ ಅದನ್ನು ಮುಟ್ಟಿದಳು. ಗಡಿಯಾರದ ಚೌಕ, ಹವಾಮಾನದ ಚೌಕ, ಹಾಡಿನ ಚೌಕ ಎಲ್ಲವೂ ಸಾಲಾಗಿ ಬಂದವು. ಲಾಂಡ್ರಿಯ ಪಾಳಿ ತೋರಿಸುವ ಚೌಕ ಮಾತ್ರ ಇರಲಿಲ್ಲ.

"ಕರೀದೇ ಇದ್ದೋರೆಲ್ಲ ಬಂದಿದಾರೆ, ಕರೆದೋನು ಮಾತ್ರ ನಾಪತ್ತೆ" ಎಂದಳು ಇಸ್ತ್ರಿಯಮ್ಮ.

ಊಟದ ಬಿಡುವು. ಬಾಯ್ಲರ್ ಕೋಣೆಯ ಹಿಂದಿನ ಮೆಟ್ಟಿಲ ಮೇಲೆ ಹೆಂಗಸರು ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಅತ್ತೆ ಸೊಸೆಯರ ಡಬ್ಬಿಗಳು ಮುಚ್ಚಿದಂತೆಯೇ ಇದ್ದವು. ಊರಿನ ದೊಡ್ಡ ಆಸ್ಪತ್ರೆಯ ಹಾಸಿಗೆ ಬಟ್ಟೆಯೆಲ್ಲ ಬೆಳ್ಳಗಾಗುವುದು ಈ ಲಾಂಡ್ರಿಯಲ್ಲಿ. ಇಸ್ತ್ರಿಯಮ್ಮನದು ಇಸ್ತ್ರಿ ಹಾಕುವ ಬಿಸಿ ರೋಲರ್, ಸೊಸೆಯದು ಬಟ್ಟೆ ಮಡಿಸುವ ಮಡಿಕೆಯ ಮೇಜು. ಆ ಹೊದಿಕೆಗಳ ಕೆಳಗೆ ಮಲಗಿ ಗುಣವಾಗಿ ಹೋದವರಿಗೆ ಅವುಗಳ ಗೆರೆ ತೀಡಿದ ಕೈಗಳ ನೆನಪಿರಬೇಕಿಲ್ಲ. ಆದರೆ ಸಂಬಳ ಕೊಡುವವರಿಗೂ ಆ ಕೈಗಳು ಕಾಣುತ್ತಿರಲಿಲ್ಲ. ಅವರಿಗೆ ಕಾಣುತ್ತಿದ್ದುದು ಆ್ಯಪ್ ಒಂದೇ.

ಆ್ಯಪ್ ಬಂದ ಮೇಲೆ ಪಾಳಿ ಯಾವ ಗಳಿಗೆಯಲ್ಲಾದರೂ ಬದಲಾಗುತ್ತಿತ್ತು. ಬದಲಾದಾಗ ಫೋನಿನ ಮುಖದ ಮೇಲಿನ ಚೌಕ ಕೆಂಪಾಗುತ್ತದೆ. ಅದರಲ್ಲಿರುವ ‘ಕಂಡೆ’ ಎಂಬ ಗುಂಡಿಯನ್ನು ಕೂಡಲೇ ಮುಟ್ಟಬೇಕು. ಕೆಲಸದ ನಡುವೆ ಆ್ಯಪನ್ನೇ ತೆರೆದು ನೋಡುವಂತಿಲ್ಲ, ಅದು ಫೋನ್ ಚಟ ಎನಿಸಿಕೊಳ್ಳುತ್ತದೆ. ಚೌಕದ ಮೇಲೆ ಕಣ್ಣಾಡಿಸಬಹುದು, ಅಷ್ಟೆ. ಮುಟ್ಟದವರ ಪಾಳಿ ಬೇರೆಯವರ ಪಾಲು, ಅವರ ಹೆಸರಿನ ಮುಂದೆ ‘ಅಸಡ್ಡೆ’ ಎಂಬ ಷರಾ. ಚೌಕವೇ ಇಲ್ಲದವರು ಏನನ್ನು ಮುಟ್ಟಬೇಕು ಎಂದು ಯಾರೂ ಕೇಳಿರಲಿಲ್ಲ. ಕೇಳಬಹುದಾಗಿದ್ದವಳು ರೇಡಿಯೋ ಒಬ್ಬಳೇ. ಮಡಿಕೆಯ ಮೇಜಿನಲ್ಲಿ ಬಾಯಿಗೆ ಬಿಡುವೇ ಕೊಡದೆ ಮಾತಾಡುತ್ತಿದ್ದುದಕ್ಕೆ ಅವಳಿಗೆ ಆ ಹೆಸರು. ಹೋದ ವಾರ ಅವಳ ಏಪ್ರನ್ ಬಿಚ್ಚಿಸಿಕೊಂಡು ಮನೆಗೆ ಕಳಿಸಿದ್ದರು. ಕಾರಣ ಅದೇ, ಅಸಡ್ಡೆ.

ಇವತ್ತು ಬೆಳಿಗ್ಗೆ ಸೂಪರ್‌ವೈಸರ್ ಇಸ್ತ್ರಿಯಮ್ಮನಿಗೂ ಹೇಳಿದ್ದ: "ಊಟದ ಗಂಟೆ ಮುಗಿಯೋದ್ರೊಳಗೆ ಚೌಕ ತೋರಿಸ್ಬೇಕು. ಇಲ್ಲಾಂದ್ರೆ ಏಪ್ರನ್ ಕೊಟ್ಟು ಹೋಗಿ. ವಯಸ್ಸಾಯ್ತಮ್ಮ, ನಿಮ್ಮ ಕೈಲಿ ಇದೆಲ್ಲ ಆಗಲ್ಲ."

ರೋಲರಿನ ಬಿಸಿಯಲ್ಲಿ ದುಡಿಯಲು ಇಷ್ಟು ವರ್ಷ ಆಗಿದ್ದ ಕೈ ಅದು.

"ಆ್ಯಪ್ ತೆಗೆದು ಮತ್ತೆ ಹಾಕಿದ್ದಾಯ್ತು, ಫೋನ್ ಆರಿಸಿ ಹೊತ್ತಿಸಿದ್ದಾಯ್ತು" ಎಂದಳು ಸೊಸೆ. "ಒಂದ್ಸಲ ಆ್ಯಪ್ ತೆರೆದು ಒಳಗೆ ಹೋಗಿ ಬರ್ಬೇಕು ಅಂದ್ರು, ಅದೂ ಆಯ್ತು. ಅಂಗಡಿಯವನು ಹೊಸ ಫೋನ್ ತಗೊಳ್ಳಿ ಅಂತಾನೆ."

"ಅವನ ಬಾಯಲ್ಲಿ ಬೇರೇನು ಬರುತ್ತೆ. ನಿಂದೂ ಇದೇ ಫೋನಲ್ವೇನೇ? ಒಂದೇ ದಿನ ತಂದಿದ್ದು."

"ನಂದ್ರಲ್ಲಿ ಬಂದಿದೆಯಲ್ಲ."

"ನಿನ್ನ ಮಾತು ಕೇಳುತ್ತೆ, ನನ್ನ ಮಾತು ಕೇಳಲ್ಲ. ಮನೇಲಿ ನನ್ನ ಮಗನ ಥರ."

ಸೊಸೆ ನಗುತ್ತ ಎರಡೂ ಫೋನುಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡಳು. ಇದರಲ್ಲಿ ತೆರೆದ ಪುಟವನ್ನೇ ಅದರಲ್ಲೂ ತೆರೆಯುತ್ತ, ಅಕ್ಕಿ ಆರಿಸುವವಳಂತೆ ಸಾಲುಸಾಲು ನೋಡತೊಡಗಿದಳು. ಆ್ಯಪಿನ ವಿವರದ ಪುಟಕ್ಕೆ ಬಂದಾಗ ಅವಳ ಬೆರಳು ನಿಂತಿತು.

"ಅತ್ತೆ, ನನ್ನದ್ರಲ್ಲಿ ಕಾರ್ಡಿಲ್ಲ, ಆ್ಯಪ್ ಫೋನಿನೊಳಗೇ ಇದೆ. ನಿಮ್ಮದು ಮೆಮೊರಿ ಕಾರ್ಡಿನಲ್ಲಿದೆ."

"ಇರ್ಲಿ ಬಿಡು, ಎಲ್ಲಿದ್ರೇನು?"

"ಕಾರ್ಡಲ್ಲಿರೋ ಬೇರೆ ಆ್ಯಪುಗಳ ಚೌಕಾನೂ ಬಂದಿಲ್ಲ ನೋಡಿ. ಬಂದಿರೋವೆಲ್ಲ ಒಳಗಿರೋವೇ." ಸೊಸೆ ತಲೆಯೆತ್ತಿದಳು. "ನಾನು ಹಾಕಿದಾಗೆಲ್ಲ ಕಾರ್ಡಿಗೆ ಸಾಗಿಸ್ತಿದ್ದೆ. ನೀವೇ ಹೇಳಿದ್ರಲ್ಲ."

ಹೇಳಿದ್ದು ನಿಜ. ಇಸ್ತ್ರಿಯಮ್ಮನ ಮನೆಯಲ್ಲಿ ಹೊಸದೇನು ಬಂದರೂ ಮೊದಲು ಅಟ್ಟ ಹತ್ತಬೇಕು. ಹೊಸ ಲೋಟಗಳು ಕಾಗದ ಬಿಚ್ಚದೆ ಅಲ್ಲಿವೆ, ಹೊಸ ಹೊದಿಕೆ ಪೆಟ್ಟಿಗೆಯ ತಳದಲ್ಲಿದೆ. ಫೋನಿಗೂ ಅದೇ ಕಾನೂನು. ಒಳಗೆ ಏನೂ ತುಂಬಬಾರದು, ಎಲ್ಲ ಕಾರ್ಡಿಗೆ. ಈ ಜಾಣತನವನ್ನು ಅವಳು ತನ್ನಲ್ಲೇ ಇಟ್ಟುಕೊಂಡವಳೂ ಅಲ್ಲ. ಇದೇ ಮೆಟ್ಟಿಲ ಮೇಲೆ ಕೂತು ಮಡಿಕೆಯವರಿಗೆಲ್ಲ ಕಲಿಸಿದ್ದಳು. ರೇಡಿಯೋಗಂತೂ ತಾನೇ ಮುಂದೆ ನಿಂತು ಸೊಸೆಯ ಕೈಯಲ್ಲಿ ಮಾಡಿಸಿಕೊಟ್ಟಿದ್ದಳು.

"ಇಳಿಸು. ಈಗಲೇ ಇಳಿಸು" ಎಂದಳು. ದನಿ ಸಣ್ಣದಾಗಿತ್ತು.

ಸೊಸೆ ಒತ್ತಿದಳು. ‘ಸ್ಥಳ ಸಾಲದು’ ಎಂದಿತು ಫೋನು.

"ಎಲ್ಲ ಅಟ್ಟಕ್ಕೆ ಹಾಕಿದ್ಮೇಲೂ ಒಳಗೆ ತುಂಬ್ಕೊಂಡಿರೋದು ಯಾರೇ?"

ಸೊಸೆ ಹುಡುಕಿ ತೆಗೆದಳು. ಹೂವು, ಕಾಫಿ ಲೋಟ, ಸೂರ್ಯ. ಪ್ರತಿ ಚಿತ್ರದಲ್ಲೂ ಶುಭೋದಯ, ಕೆಳಗೆ ನಗುನಗುತ್ತ ದುಡಿಯಿರಿ ಎಂಬ ಉಪದೇಶ. ಸೂಪರ್‌ವೈಸರ್ ಪ್ರತಿದಿನ ಬೆಳಿಗ್ಗೆ ಗುಂಪಿಗೆ ಕಳಿಸುತ್ತಿದ್ದ ಚಿತ್ರಗಳು. ಬೆನ್ನ ಹಿಂದೆ ಅವನಿಗೆ ಶುಭೋದಯ ಎಂದೇ ಹೆಸರಾಗಿತ್ತು. ಪುಟ ಮುಗಿಯಲೇ ಇಲ್ಲ.

"ಅಳಿಸ್ಲಾ?"

"ಅಳಿಸು. ಅಷ್ಟೊಂದು ಬೆಳಗು ಇಟ್ಕೊಂಡು ನಾನೇನ್ ಮಾಡ್ಲಿ."

ಪಕ್ಕದ ಮೆಟ್ಟಿಲಿನವಳಿಗೆ ತುತ್ತು ನೆತ್ತಿಗೇರಿತು. ಆ್ಯಪ್ ಕಾರ್ಡಿನಿಂದ ಮೆಲ್ಲಗೆ ಒಳಕ್ಕೆ ಸರಿಯಿತು. ಸೊಸೆ ಫೋನ್ ಆರಿಸಿ ಹೊತ್ತಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಡಬ್ಬಿಗಳು ಮುಚ್ಚಿಕೊಂಡವು. ಎದ್ದವರು ಒಳಗೆ ಹೋಗದೆ ಅಲ್ಲೇ ಸುತ್ತ ನಿಂತರು. ಬಾಗಿಲಲ್ಲಿ ಸೂಪರ್‌ವೈಸರ್ ಕಾಣಿಸಿಕೊಂಡ.

"ಇಸ್ತ್ರಿಯಮ್ಮ, ಗಂಟೆ ಆಯ್ತು."

"ಕೇಳಿಸ್ತು ಸಾರ್. ಫೋನ್ ಎಚ್ಚರ ಆಗ್ತಿದೆ."

ಪರದೆ ಬೆಳಗಿತು. ಅವಳೇ ಹೆಬ್ಬೆರಳು ಊರಿದಳು, ಅವಳೇ ಗುಂಡಿ ಮುಟ್ಟಿದಳು. ಗಡಿಯಾರ, ಹವಾಮಾನ, ಹಾಡು. ಅವುಗಳ ಕೆಳಗೆ ಲಾಂಡ್ರಿಯ ಚೌಕ. ಒತ್ತಿ ಹಿಡಿದು ಫೋನಿನ ಮುಖಕ್ಕೆ ಎಳೆದು ತಂದು ಬಿಟ್ಟಳು. ಮೊದಲು ಬರಿದಾಗಿತ್ತು. ಆಮೇಲೆ ಅಕ್ಷರಗಳು ಮೂಡಿದವು. ಇವತ್ತಿನ ಪಾಳಿ, ಹಸಿರು ಬಣ್ಣದಲ್ಲಿ.

ಸೂಪರ್‌ವೈಸರ್ ಬಗ್ಗಿ ನೋಡಿದ. "ಆಯ್ತಲ್ಲ. ಮನಸ್ಸು ಮಾಡಿದ್ರೆ ಆಗುತ್ತೆ ನೋಡಿ. ಹೋಗಿ, ರೋಲರ್ ಹಾಕಿ."

ಇಸ್ತ್ರಿಯಮ್ಮ ಒಳಗೆ ಹೋಗಿ ರೋಲರಿನ ಮುಂದೆ ನಿಂತಳು. ಒದ್ದೆ ಹೊದಿಕೆಗಳ ಗಾಡಿ ತುಂಬಿ ನಿಂತಿತ್ತು. ಸಂಜೆ ಆಸ್ಪತ್ರೆಯ ವ್ಯಾನು ಬರುವಷ್ಟರಲ್ಲಿ ಇದೆಲ್ಲ ಒಣಗಿ ಮಡಿಕೆಯಾಗಬೇಕು. ಸ್ವಿಚ್ಚಿನ ತನಕ ಹೋದ ಕೈ ಅಲ್ಲೇ ನಿಂತಿತು.

"ಸಾರ್, ರೇಡಿಯೋ ಫೋನಲ್ಲೂ ಇದೇ ಆಗಿತ್ತು. ಕಾರ್ಡಿಗೆ ಹಾಕಿಸಿದ್ದು ನಾನು. ಅವಳದೇನೂ ತಪ್ಪಿಲ್ಲ."

"ಈಗ ಅದ್ಯಾಕಮ್ಮ? ನಿಮ್ಮದು ಸರಿಹೋಯ್ತಲ್ಲ."

"ಅವಳದು ಸರಿಹೋಗಿಲ್ವಲ್ಲ. ಫೋನ್ ಮಾಡಿ ಬಾ ಅನ್ನಿ."

"ಅದು ಆಫೀಸಿನವರು ಮಾಡಿದ್ದು. ನನ್ನ ಕೈಲಿ ಏನೂ ಇಲ್ಲ."

"ಏಪ್ರನ್ ಇಸ್ಕೊಂಡಿದ್ದು ಯಾರ ಕೈ ಸಾರ್?" ಅವಳ ದನಿ ಏರಲಿಲ್ಲ. "ಹಾಳು ಜಾಣತನ ನಂದು, ಒಪ್ಕೋತೀನಿ. ಆದ್ರೆ ಯಂತ್ರಕ್ಕೆ ಏನಾಗಿದೆ ಅಂತ ಒಂದ್ಸಲಾನೂ ನೋಡದೆ ಅವಳ ಹೆಸರಿನ ಮುಂದೆ ಅಸಡ್ಡೆ ಅಂತ ಬರೆದ್ರಲ್ಲ, ಅದು ನಂದಲ್ಲ. ಅದು ನಿಮ್ಮದು."

"ಅತ್ತೆ..." ಎಂದಳು ಸೊಸೆ ಮೆಲ್ಲಗೆ. ಅವರಿಬ್ಬರ ಸಂಬಳ ಬಿಟ್ಟರೆ ಮನೆಗೆ ಮೂರನೆಯ ಆಸರೆ ಇರಲಿಲ್ಲ. ಇಸ್ತ್ರಿಯಮ್ಮ ತಿರುಗಿ ನೋಡಲಿಲ್ಲ. ಸೊಸೆ ಅರ್ಧ ಮಡಿಸಿದ್ದ ಹೊದಿಕೆಯನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಕೈ ಕಟ್ಟಿ ನಿಂತಳು.

"ನಂದೂ ಕಾರ್ಡಲ್ಲೇ ಇದೆ ಸಾರ್" ಎಂದಳು ಮೇಜಿನ ಆ ತುದಿಯವಳು. "ನಾಳೆ ನನ್ನನ್ನೂ ಕಳಿಸ್ತೀರಾ?"

ಅವಳ ಕೈಯೂ ನಿಂತಿತು. ಆಮೇಲೆ ಅವಳ ಪಕ್ಕದವಳದು, ಗಾಡಿ ತಳ್ಳುವವಳದು. ಕೊನೆಗೆ ಒಳಕೋಣೆಯ ತೊಳೆಯುವ ಯಂತ್ರವೂ ತನ್ನ ಸುತ್ತು ಮುಗಿಸಿ ಸುಮ್ಮನಾಯಿತು. ಅದನ್ನು ಮತ್ತೆ ಯಾರೂ ತಿರುಗಿಸಲಿಲ್ಲ.

ಸೂಪರ್‌ವೈಸರ್ ಒದ್ದೆ ಬಟ್ಟೆಯ ಗಾಡಿಯನ್ನು ನೋಡಿದ, ಗೋಡೆಯ ಗಡಿಯಾರವನ್ನು ನೋಡಿದ. ಆಫೀಸಿನ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು ಮರಳಿ ಬಂದ. ಜೇಬಿನಿಂದ ಫೋನ್ ತೆಗೆದ.

"ನಂಬರ್ ಹೇಳಿ."

ಸೊಸೆ ಹೇಳಿದಳು. ಅವನು ಒತ್ತಿದ.

"ಸ್ಪೀಕರ್ ಹಾಕಿ ಸಾರ್" ಎಂದಳು ಇಸ್ತ್ರಿಯಮ್ಮ.

ಫೋನು ರಿಂಗಾಯಿತು. ಹೆಂಗಸರು ಒಬ್ಬೊಬ್ಬರಾಗಿ ಹತ್ತಿರ ಸರಿದರು. ಬಹಳ ಹೊತ್ತಿನ ಮೇಲೆ ಆ ಕಡೆ ಯಾರೋ ಎತ್ತಿದರು. ಪಾತ್ರೆಯ ಮೇಲೆ ನೀರು ಸುರಿಯುವ ಸದ್ದು ಬಂತು. ಆಮೇಲೆ ಮಾತು ಕೇಳಿಸಲೆಂದು ರೇಡಿಯೋ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದಳು.