ಗುಲಾಬಿ ಒಸಡಿನ ಬೈಕು

ನಿವೃತ್ತ ಹಲ್ಲಿನ ಡಾಕ್ಟರಿಗೆ ತಮ್ಮ ನಲವತ್ತು ವರ್ಷದ ಬೈಕೆಂದರೆ ಪಂಚಪ್ರಾಣ. ಅದರ ಪಕ್ಕದ ಪ್ಲಾಸ್ಟಿಕ್ ಕವರು ಸೀಳಿಹೋದಾಗ ಮುದಿ ಮೆಕ್ಯಾನಿಕ್, "ಇದು ಕೂಡಲ್ಲ ಡಾಕ್ಟ್ರೇ, ಬಿಸಾಕಿ" ಎಂದು ಕೈಚೆಲ್ಲಿದ. ಡಾಕ್ಟರಿಗೆ ರೋಷ ಉಕ್ಕಿತು. ಮನೆಯಲ್ಲಿ ಉಳಿದಿದ್ದ, ಹಲ್ಲಿನ ಸೆಟ್ಟಿಗೆ ಒಸಡು ಮಾಡುವ ಪುಡಿಯನ್ನೇ ಅದರ ದ್ರಾವಣದಲ್ಲಿ ಕಲಸಿ ಬಿರುಕಿಗೆ ತುಂಬಿದರು. ಅದು ಕಲ್ಲಿನಂತೆ ಗಟ್ಟಿಯಾಯಿತು. ಆದರೆ ಕಪ್ಪು ಕವರಿನ ಮೇಲೆ ಗುಲಾಬಿ ಒಸಡು ಮೂಡಿತ್ತು.

"ರೀ, ಗಾಡಿ ಹಲ್ಲು ಕಿರೀತಿದೆ!" ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಡಾಕ್ಟರು ಬಣ್ಣವನ್ನೂ ಬಳಿಯದೆ ನೇರ ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ ಕವರನ್ನು ಬಗ್ಗಿಸಿದ, ಕುಟ್ಟಿದ. ಜಪ್ಪಯ್ಯ ಅಂದರೂ ಬಿರುಕು ಬಿಡಲಿಲ್ಲ. ಆಮೇಲೆ ಅತ್ತಿತ್ತ ನೋಡಿ, ಹಲ್ಲಿನ ಆಸ್ಪತ್ರೆಯ ಕುರ್ಚಿಗೆ ಹೆದರಿ ತಿಂಗಳುಗಟ್ಟಲೆ ಬಚ್ಚಿಟ್ಟಿದ್ದ ತನ್ನ ಮುರಿದ ಹಲ್ಲಿನ ಸೆಟ್ಟನ್ನು ಜೇಬಿನಿಂದ ತೆಗೆದ.

"ಡಾಕ್ಟ್ರೇ, ಆ ಪುಡಿ ಇನ್ನೂ ಚೂರು ಉಳಿದಿದ್ಯಾ?"